ಒಂದು ಮಾರ್ಕಿನ ಮಸ್ಕಿ

"ಮಿಸ್, ನಿನ್ನೆ ಟಿವೀಲಿ ನೀವು ಹೇಳಿದ್ದು ತಪ್ಪಲ್ವಾ?"

ಶುಕ್ರವಾರ, ಎರಡನೇ ಪೀರಿಯಡ್, ಎಂಟನೇ ತರಗತಿ. ಬೋರ್ಡಿನ ಮೇಲೆ ‘ಮೌರ್ಯರು’ ಎಂದು ಬರೆದು ಇನ್ನೂ ಇತ್ತ ತಿರುಗಿರಲಿಲ್ಲ. ಕೇಳಿದವಳು ಕಿಟಕಿ ಪಕ್ಕ ಕೂರುವ ಹುಡುಗಿ. ಹಾಜರಿ ಕೂಗುವಾಗ ಬಿಟ್ಟರೆ ಬಾಯಿ ತೆಗೆಯುವವಳಲ್ಲ.

"ಯಾವುದಮ್ಮ?" ಅಂದೆ.

"ಬ್ರಹ್ಮಗಿರಿ ಬಂಡೆ ತೋರಿಸಿ, ಇಲ್ಲಿ ಅಶೋಕನ ಹೆಸರು ಕೆತ್ತಿದ್ದಾರೆ ನೋಡಿ ಅಂದ್ರಿ. ಹೆಸರು ಸಿಕ್ಕಿದ್ದು ಮಸ್ಕೀಲಿ ಅಂತ ಮೊನ್ನೆ ನೀವೇ ನೋಟ್ಸ್ ಕೊಟ್ಟಿದ್ರಿ."

ಅವಳು ಹೇಳಿದ್ದು ಸರಿ. ಬ್ರಹ್ಮಗಿರಿ ಶಾಸನದಲ್ಲಿ ಇರುವುದು ‘ದೇವಾನಂಪಿಯ’, ಅಂದರೆ ದೇವರಿಗೆ ಪ್ರಿಯನಾದವನು ಅಂತ ಮಾತ್ರ. ‘ಅಶೋಕ’ ಅಂತ ಹೆಸರೇ ಇರುವ ಶಾಸನ ಮೊದಲು ಸಿಕ್ಕಿದ್ದು ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ, 1915ರಲ್ಲಿ. ಇದನ್ನು ನಾನು ಎಷ್ಟು ವರ್ಷ ಪಾಠ ಮಾಡಿದ್ದೇನೋ ಲೆಕ್ಕ ಇಲ್ಲ. ಆದರೂ ಬಂಡೆ ಎದುರು ನಿಂತು, ಕ್ಯಾಮೆರಾ ನೋಡುತ್ತಾ, ನಗುನಗುತ್ತಾ ತಪ್ಪು ಹೇಳಿದ್ದೆ. ಅದು ಜಿಲ್ಲೆಯ ಕೇಬಲ್ ಟಿವೀಲಿ ಗುರುವಾರ ರಾತ್ರಿ ಒಮ್ಮೆ, ಶುಕ್ರವಾರ ಬೆಳಗ್ಗೆ ಇನ್ನೊಮ್ಮೆ ಬಂದಿತ್ತು.

ನಾನು ದುರ್ಗದವಳು. ಸರ್ಕಾರಿ ಹೈಸ್ಕೂಲುಗಳಲ್ಲಿ 34 ವರ್ಷ ಸಮಾಜ ವಿಜ್ಞಾನ ಹೇಳಿಕೊಟ್ಟೆ. 60 ತುಂಬಿದ ತಿಂಗಳು ಶಾಲು, ಹಾರ, ಒಂದು ಗೋಡೆ ಗಡಿಯಾರ ಹಿಡಿದು ಮನೆಗೆ ಬಂದೆ. ಇನ್ನು ಬೆಲ್ ಹೊಡೆಯುವುದನ್ನು ಕಾಯಬೇಕಿಲ್ಲದವರಿಗೆ ಗಡಿಯಾರವನ್ನೇ ಯಾಕೆ ಕೊಡುತ್ತಾರೋ! ನಾಲ್ಕು ತಿಂಗಳು ಅದರ ಟಿಕ್ ಟಿಕ್ ಕೇಳಿದೆ. ಆಮೇಲೆ ಗಣಪತಿ ಹಬ್ಬದ ಹೊತ್ತಿಗೆ ಹಳೇ ಶಿಷ್ಯನೊಬ್ಬ ಮನೆಗೆ ಬಂದ. ಕೇಬಲ್ ಚಾನೆಲ್ಲಿನಲ್ಲಿ ಕ್ಯಾಮೆರಾ ಹಿಡಿಯುತ್ತಾನೆ. "ಮಿಸ್, ನಮ್ಮ ಸುತ್ತಮುತ್ತಲಿನ ಜಾಗ ತೋರಿಸೋ ಒಂದು ಪ್ರೋಗ್ರಾಂ ಮಾಡೋಣ. ನೀವು ಸುಮ್ನೆ ಕ್ಲಾಸಲ್ಲಿ ಹೇಳಿದ ಹಾಗೆ ಹೇಳಿ, ಸಾಕು" ಅಂದ. ಹತ್ತನೇ ಕ್ಲಾಸಿನಲ್ಲಿ ಇತಿಹಾಸಕ್ಕೆ ಹೆದರಿ ಕೊನೇ ಬೆಂಚಿನಲ್ಲಿ ಅಡಗಿ ಕೂರುತ್ತಿದ್ದ ಹುಡುಗ. ಒಪ್ಪಿಕೊಂಡೆ. ದುಡ್ಡು ಅಂತ ಏನೂ ಇಲ್ಲ. ಪೆಟ್ರೋಲು, ಮಧ್ಯಾಹ್ನದ ಊಟ, ಅಷ್ಟೇ.

ಮುಂದಿನ ಜೂನಿನಲ್ಲಿ ಊರಾಚೆಯ ಅನುದಾನಿತ ಹೈಸ್ಕೂಲಿನಿಂದ ಫೋನ್ ಬಂತು. ಸಮಾಜಕ್ಕೆ ಟೀಚರ್ ಇಲ್ಲ, ಮ್ಯಾನೇಜ್‌ಮೆಂಟ್ ಸಂಬಳ, ಬರ್ತೀರಾ ಮೇಡಂ ಅಂತ. ಒಂದೇ ಷರತ್ತು ಹಾಕಿದೆ: ಎಸ್ಸೆಸ್ಸೆಲ್ಸಿ ಬೇಡ, ಎಂಟು, ಒಂಬತ್ತು ಕೊಡಿ. ನಿವೃತ್ತರಾದ ಮೇಲೆ ಮತ್ತೆ ಶಾಲೆಗೆ ಹೋಗುವವರಿದ್ದರೆ ಇದೊಂದನ್ನು ಕೇಳಿಕೊಳ್ಳಿ. ರಿಸಲ್ಟು, ಪಾಸಿಂಗ್ ಪ್ಯಾಕೇಜು, ಸಂಜೆ ಸ್ಪೆಷಲ್ ಕ್ಲಾಸು, ಇವೆಲ್ಲ ಈ ವಯಸ್ಸಿಗೆ ಬೇಡ. ಎಂಟನೇ ಕ್ಲಾಸಿನ ಮಕ್ಕಳಿಗೆ ಇನ್ನೂ ಪ್ರಶ್ನೆ ಕೇಳುವ ಚಟ ಬಿಟ್ಟಿರುವುದಿಲ್ಲ. ಹತ್ತಕ್ಕೆ ಬರುವ ಹೊತ್ತಿಗೆ ನಾವೇ ಬಿಡಿಸಿರುತ್ತೇವೆ.

ಹೀಗೆ ವಾರವೆಲ್ಲ ಶಾಲೆ, ಭಾನುವಾರ ಶೂಟಿಂಗ್. ಸೋಮವಾರ ಮಂಡಿ ನೋವು.

ಶೂಟಿಂಗಿನಲ್ಲಿ ನಾನು ಕಲಿತದ್ದಕ್ಕಿಂತ ಮರೆಯಬೇಕಾದದ್ದೇ ಜಾಸ್ತಿ ಇತ್ತು. ಮೊದಲ ದಿನ ಕೋಟೆಗೆ ಹೋದಾಗ ಟ್ರೈಪಾಡ್ ಗೇಟಿನಲ್ಲೇ ಉಳಿಯಿತು. ಅದಕ್ಕೆ ಮೊದಲೇ ಅನುಮತಿ ತೆಗೆದುಕೊಳ್ಳಬೇಕಂತೆ, ನಾವು ಕೇಳಿರಲೇ ಇಲ್ಲ, ತಪ್ಪು ನಮ್ಮದೇ. ಎರಡನೇ ಸಲ ಕಾಗದ ಪತ್ರ ಎಲ್ಲ ಸರಿ ಮಾಡಿಕೊಂಡು ಹೋದೆವು. ಓಬವ್ವನ ಕಿಂಡಿ ಹತ್ತಿರ ಸೆರಗಿಗೆ ಕಾಲರ್ ಮೈಕ್ ಸಿಕ್ಕಿಸಿಕೊಂಡು ಶುರು ಮಾಡಿದೆ. "ಹೈದರಾಲಿಯ ಸೈನಿಕರು ಈ ಕಿಂಡಿಯಿಂದ ನುಸುಳಿದರು. ಎಲ್ಲಿಂದ ನುಸುಳಿದರು? ಈ ಕಿಂಡಿಯಿಂದ. ಹೌದಲ್ವಾ ಮಕ್ಕಳೇ?"

ಹುಡುಗ ಕ್ಯಾಮೆರಾ ಕೆಳಗಿಳಿಸಿದ. "ಮಿಸ್, ಎಲ್ಲ ಎರಡೆರಡು ಸಲ ಹೇಳ್ತೀರ. ಮತ್ತೆ ಇಲ್ಲಿ ಮಕ್ಕಳಿಲ್ಲ."

ಆ ಪಿಟುಸಿಗೆ, ಅಂದರೆ ಕ್ಯಾಮೆರಾ ನೋಡುತ್ತಾ ಹೇಳುವ ಮಾತಿಗೆ, ಒಂಬತ್ತು ಟೇಕ್ ಆಯಿತು. ಕೋಟೆ ಮೇಲಿನ ಗಾಳಿ ಮೈಕಿನೊಳಗೆ ನುಗ್ಗಿ ಅರ್ಧ ಮಾತು ತಿಂದುಹಾಕುತ್ತಿತ್ತು. 40 ನಿಮಿಷದ ಪಾಠವನ್ನು 40 ಸೆಕೆಂಡಿಗೆ ಇಳಿಸಿ ಅಂದರೆ ನನಗೆ ಯಾವುದನ್ನು ಬಿಡಬೇಕು ಅಂತಲೇ ತಿಳಿಯದು. ಅವನೊಂದು ರೂಲ್ ಮಾಡಿದ: ಒಂದು ಜಾಗದಲ್ಲಿ ನಿಂತರೆ ಒಂದೇ ವಿಷಯ. ಕಿಂಡಿ ಹತ್ತಿರ ಕಿಂಡಿ ಮಾತ್ರ. ಮದಕರಿ ನಾಯಕ, 1779, ಕೋಟೆ ಹೈದರನ ಕೈ ಸೇರಿದ್ದು, ಇವೆಲ್ಲ ಬೇರೆ ಕಡೆ. ನನಗೆ ಮೊದಮೊದಲು ಸಿಟ್ಟು ಬರುತ್ತಿತ್ತು. ನಾನು ಕಿವಿ ಹಿಂಡಿದ ಹುಡುಗ ನನಗೇ ಹೇಳಿಕೊಡುತ್ತಾನಲ್ಲ ಅಂತ.

ಈ ಪಾಠವನ್ನು ಕ್ಲಾಸಿಗೂ ತಂದೆ. ಎರಡೆರಡು ಸಲ ಹೇಳುವುದು ಬಿಟ್ಟೆ. ಒಂದು ವಾರಕ್ಕೇ ಗೊತ್ತಾಯಿತು, ಅರ್ಧ ಕ್ಲಾಸಿಗೆ ಏನೂ ತಲೆಗೆ ಹೋಗಿಲ್ಲ. ಟಿವಿ ನೋಡುವವರು ಬೇಕು ಅಂತಲೇ ಕೂತಿರುತ್ತಾರೆ. ಕ್ಲಾಸಿನ ಮಗು ಮಧ್ಯದಲ್ಲಿ ಒಮ್ಮೆ ಕಿಟಕಿಯಾಚೆ ಹೋಗಿ ಬರುತ್ತದೆ. ಬಂದಾಗ ಮಾತು ಇನ್ನೂ ಅಲ್ಲೇ ಇರಬೇಕು. ಹಾಗಾಗಿ ಶಾಲೆಯಲ್ಲಿ ಎರಡೆರಡು ಸಲ ಹೇಳುವುದನ್ನು ಮತ್ತೆ ಶುರು ಮಾಡಿದ್ದೇನೆ. ಅದಕ್ಕೆ ನಾಚಿಕೆ ಇಲ್ಲ.

ಇನ್ನೊಂದು ಮಾತು, ಹೊಟ್ಟೆಕಿಚ್ಚಿನಿಂದಲೇ ಹೇಳುತ್ತೇನೆ. ಇಷ್ಟು ಕಂತುಗಳಲ್ಲಿ ಜನ ನನ್ನನ್ನು ರಸ್ತೆಯಲ್ಲಿ ನಿಲ್ಲಿಸಿ ಮಾತಾಡಿಸಿದ್ದು ಯಾವುದಕ್ಕೆ ಗೊತ್ತಾ? ದಾವಣಗೆರೆ ಬೆಣ್ಣೆ ದೋಸೆ ಕಂತಿಗೆ. ಏಳು ಸುತ್ತಿನ ಕೋಟೆ, ಚಂದ್ರವಳ್ಳಿ ಗುಹೆ, ಹರಿಹರದಲ್ಲಿ ಹೊಯ್ಸಳರ ಕಾಲದ ಹರಿಹರೇಶ್ವರ, ಎಲ್ಲ ಒಂದು ಕಡೆ, ಬೆಣ್ಣೆ ದೋಸೆ ಒಂದು ಕಡೆ. ದೋಸೆ ಮುಂದೆ ಮದಕರಿ ನಾಯಕನೂ ಸೋತ.

ಬ್ರಹ್ಮಗಿರಿಗೆ ಬರುತ್ತೇನೆ.

ಚಳ್ಳಕೆರೆ ದಾಟಿ ಮೊಳಕಾಲ್ಮೂರು ಸೀಮೆಗೆ ಹೋದರೆ ಶೇಂಗಾ ಹೊಲಗಳ ನಡುವೆ ಗುಂಡುಕಲ್ಲಿನ ಗುಡ್ಡಗಳು. ಅಲ್ಲಿ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಮೂರೂ ಕಡೆ ಅಶೋಕನ ಶಾಸನಗಳಿವೆ. ಮೂರನ್ನೂ 1892ರಲ್ಲಿ ಹೊರಗೆ ತಂದವರು ಶಾಸನ ತಜ್ಞ ಬಿ.ಎಲ್. ರೈಸ್. ಬ್ರಹ್ಮಗಿರಿಯ ಬಂಡೆಗೆ ಊರವರು ಇಟ್ಟ ಹೆಸರು ಅಕ್ಷರಗುಂಡು. ಓದಲು ಬಾರದಿದ್ದರೂ ಅದು ಅಕ್ಷರ ಅಂತ ಅವರಿಗೆ ಗೊತ್ತಿತ್ತು ನೋಡಿ. ಜಟಿಂಗ ರಾಮೇಶ್ವರದ್ದು ಬಳೆಗಾರರ ಗುಂಡು. ಜಾತ್ರೆಗೆ ಬಂದ ಬಳೆಗಾರರು ಅದರ ಮೇಲೇ ಅಂಗಡಿ ಹಾಕುತ್ತಿದ್ದರಂತೆ. ಅಲ್ಲಿ ಅಕ್ಷರ ತುಂಬಾ ಸವೆದಿವೆ.

ಅವತ್ತು ನನ್ನ ಕೈಯಲ್ಲಿದ್ದ ಚೀಟಿಯಲ್ಲಿ ಎಲ್ಲ ಸರಿಯಾಗಿಯೇ ಇತ್ತು. ಸುವರ್ಣಗಿರಿಯಿಂದ ಆರ್ಯಪುತ್ರ, ಅಂದರೆ ರಾಜಕುಮಾರ, ಇಸಿಲ ಎಂಬ ಊರಿನ ಮಹಾಮಾತ್ರರಿಗೆ, ಅಂದರೆ ಹಿರಿಯ ಅಧಿಕಾರಿಗಳಿಗೆ, ಕಳಿಸಿದ ಆಜ್ಞೆ ಇದು, ಕೊನೆಯಲ್ಲಿ ಬರೆದವನು ಚಪಡ ಅಂತ ತನ್ನ ಹೆಸರು ಹಾಕಿಕೊಂಡಿದ್ದಾನೆ, ‘ಲಿಪಿಕಾರ’ ಎಂಬ ಒಂದು ಪದವನ್ನು ಮಾತ್ರ ಬಲದಿಂದ ಎಡಕ್ಕೆ ಬರೆಯುವ ಖರೋಷ್ಠಿಯಲ್ಲಿ ಕೆತ್ತಿದ್ದಾನೆ. ಈ ಚಪಡನ ಕತೆ ನಮ್ಮ ಹುಡುಗನಿಗೆ ಬಹಳ ಹಿಡಿಸಿತು. "ನಾವು ವಿಡಿಯೋದಲ್ಲಿ ಹೆಸರು ಹಾಕ್ಕೊಳ್ತೀವಲ್ಲ, ಹಾಗೆ" ಅಂದ. ಎರಡು ಟೇಕ್ ಗಾಳಿಗೆ ಹೋಯಿತು. ಮೂರನೆಯದಕ್ಕೆ ಬಿಸಿಲು ನೆತ್ತಿಗೆ ಬಂದಿತ್ತು. ಚೀಟಿ ಮಡಚಿ ಬ್ಯಾಗಿಗೆ ಹಾಕಿ, ನನಗೆ ಗೊತ್ತಿಲ್ಲದ್ದೇನು ಅಂತ ಬಾಯಿಗೆ ಬಂದ ಹಾಗೆ ಮಾತಾಡಿದೆ. ಒಂದೇ ಟೇಕಿನಲ್ಲಿ ಓಕೆ ಆಯಿತು. ತಪ್ಪು ಹೇಳಿದ್ದು ಅದರಲ್ಲೇ.

ಬಾಯಿ ತಪ್ಪಿತು ಅಂತ ಬಿಟ್ಟುಬಿಡಬಹುದಿತ್ತು. ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ. ಯೋಚಿಸುತ್ತಾ ಹೋದರೆ ಕಾರಣ ಬೇರೆಯೇ ಇತ್ತು. ಮಸ್ಕಿ ನನ್ನ ತಲೆಯಲ್ಲಿ ಇದ್ದದ್ದು ಒಂದು ಮಾರ್ಕಿನ ಪ್ರಶ್ನೆಯಾಗಿ. ‘ಅಶೋಕನ ಹೆಸರು ಮೊದಲು ಕಂಡುಬಂದ ಶಾಸನ ಯಾವುದು?’ ಅಂದರೆ ನಿದ್ದೆಯಲ್ಲೂ ಮಸ್ಕಿ ಅನ್ನುತ್ತೇನೆ. ಆದರೆ ಹಾಗಂದರೆ ಉಳಿದ ಬಂಡೆಗಳ ಮೇಲೆ ಏನಿದೆ, ಹೆಸರಿಲ್ಲದ ಈ ರಾಜ ಯಾರು ಅಂತ ಓದಿದವರು ಎಷ್ಟು ವರ್ಷ ತಲೆ ಕೆಡಿಸಿಕೊಂಡರು, ಈ ಶಾಸನಗಳ ಬ್ರಾಹ್ಮಿ ಲಿಪಿಯನ್ನು ಇಂಗ್ಲಿಷ್ ವಿದ್ವಾಂಸ ಜೇಮ್ಸ್ ಪ್ರಿನ್ಸೆಪ್ 1837ರಲ್ಲೇ ಓದಿದ್ದರೂ ಮಸ್ಕಿ ಸಿಕ್ಕಿದ್ದು ಯಾಕೆ ದೊಡ್ಡ ವಿಷಯ, ಇದನ್ನು ಒಂದು ದಿನವೂ ಕ್ಲಾಸಿನಲ್ಲಿ ಕೂತು ಮಾತಾಡಿರಲಿಲ್ಲ. ಪ್ರಶ್ನೆ ಇದ್ದರೆ ಉತ್ತರ ಬರುತ್ತಿತ್ತು. ಬಂಡೆ ಎದುರು ಯಾರೂ ಪ್ರಶ್ನೆ ಕೇಳಲಿಲ್ಲ, ಉತ್ತರವೂ ಬರಲಿಲ್ಲ. 34 ವರ್ಷ ನಾನು ಮಕ್ಕಳಿಗೂ ಅದನ್ನು ಹಾಗೇ ಕೊಟ್ಟಿದ್ದೆ.

ನಗು ಬರಿಸುವ ಇನ್ನೊಂದು ಸಂಗತಿ. ಅದೇ ಬಂಡೆ ಮೇಲೆ ‘ಸಚಂ ವತವಿಯಂ’ ಅಂತ ಇದೆ. ಸತ್ಯವನ್ನೇ ಹೇಳಬೇಕು. ಅದರ ಹತ್ತಿರವೇ ಶಿಷ್ಯನು ಗುರುವಿಗೆ ಗೌರವ ಕೊಡಬೇಕು ಅಂತಲೂ ಇದೆ. ಗುರು ಮೊದಲನೆಯದನ್ನು ಮುರಿದಳು. ಶಿಷ್ಯೆ ಎರಡನ್ನೂ ಪಾಲಿಸಿದಳು. ಯಾಕೆಂದರೆ ಅವಳು ಕೇಳಿದ್ದು ಎದ್ದು ನಿಂತು, ಮಿಸ್ ಅಂತ ಕರೆದು.

ಕ್ಲಾಸಿನಲ್ಲಿ ಅವತ್ತೇ ಒಪ್ಪಿಕೊಂಡೆ. "ಹೌದಮ್ಮ, ತಪ್ಪು ಹೇಳಿದೀನಿ" ಅಂದೆ. ಹುಡುಗಿ ಕೂತುಬಿಟ್ಟಳು, ಮುಖ ಕೆಂಪಾಗಿತ್ತು. ಬೈಯುತ್ತಾರೆ ಅಂದುಕೊಂಡಿದ್ದಳೇನೋ. ಚಾನೆಲ್ಲಿನವರಿಗೆ ಫೋನ್ ಮಾಡಿ ಮುಂದಿನ ಕಂತಿನಲ್ಲಿ ತಿದ್ದಬೇಕು ಅಂದರೆ, "ಯಾರೂ ಗಮನಿಸಿಲ್ಲ ಬಿಡಿ ಮೇಡಂ, ನಾವೇ ಯಾಕೆ ಎತ್ತಿ ತೋರಿಸೋದು" ಅಂದರು. ಅವರ ಮಾತೂ ನಿಜವೇ, ಒಂದು ಫೋನೂ ಬಂದಿರಲಿಲ್ಲ. ಎಂಟನೇ ಕ್ಲಾಸು ಗಮನಿಸಿದೆ, ನಾನು ಸೋಮವಾರ ಅಲ್ಲಿಗೆ ಹೋಗಬೇಕು ಅಂದೆ. ಕೊನೆಗೆ ಮುಂದಿನ ಕಂತಿನ ಶುರುವಿಗೆ ಅರ್ಧ ನಿಮಿಷ ಕೊಟ್ಟರು. ಮನೆಯ ಹಾಲಿನಲ್ಲೇ ಶೂಟ್ ಮಾಡಿದೆವು, ಆ ಗೋಡೆ ಗಡಿಯಾರದ ಕೆಳಗೆ. ಮಸ್ಕಿ ಆದಮೇಲೆ ಮಧ್ಯಪ್ರದೇಶದ ಗುಜರ್ರಾ, ಬಳ್ಳಾರಿ ಕಡೆಯ ನಿಟ್ಟೂರು, ಉದೇಗೋಳಂಗಳಲ್ಲೂ ಹೆಸರಿರುವ ಶಾಸನ ಸಿಕ್ಕಿವೆ ಅಂತ ಸೇರಿಸಿದೆ. ಹೇಗೂ ತಿದ್ದುವುದು, ಪೂರ್ತಿ ತಿದ್ದೋಣ ಅಂತ.

ಅವತ್ತಿನಿಂದ ಒಂದು ಪದ್ಧತಿ ಇಟ್ಟುಕೊಂಡಿದ್ದೇನೆ. ಶನಿವಾರ ಬೆಳಗ್ಗಿನ ಶಾಲೆ. ಕೊನೇ ಪೀರಿಯಡ್ಡಿನಲ್ಲಿ ಭಾನುವಾರದ ಚೀಟಿಯನ್ನು ಎಂಟನೇ ಕ್ಲಾಸಿಗೆ ಓದಿ ಹೇಳುತ್ತೇನೆ. ತಪ್ಪು ಹುಡುಕಿದವರಿಗೆ ಒಂದು ಶೇಂಗಾ ಚಿಕ್ಕಿ. ಪಠ್ಯದ ಮೊದಲ ಪಾಠವೇ ‘ಆಧಾರಗಳು’, ಅದನ್ನು ಜೂನಿನಲ್ಲಿ ಬೇಗ ಮುಗಿಸಿ ಕೈ ತೊಳೆದುಕೊಳ್ಳುತ್ತಿದ್ದೆ. ಈಗ ಅದು ವರ್ಷಪೂರ್ತಿ ಎಳೆಯುತ್ತಿದೆ. ಚಂದ್ರವಳ್ಳಿಯಲ್ಲಿ ರೋಮನ್ ನಾಣ್ಯ ಸಿಕ್ಕಿದೆ ಅಂತ ಓದಿದರೆ, "ರೋಮಿನವರು ನಮ್ಮೂರಿಗೆ ಬಂದಿದ್ರಾ ಮಿಸ್?" ಅನ್ನುತ್ತಾರೆ. ನಾಣ್ಯ ಬಂದರೆ ಮನುಷ್ಯನೂ ಬಂದಿರಬೇಕಾ, ನಿಮ್ಮಪ್ಪನ ಜೇಬಿನ ನೋಟು ಎಷ್ಟು ಕೈ ದಾಟಿ ಬಂದಿದೆ ಅಂತ ಕೇಳಿದೆ. ಅದರಲ್ಲೇ ಪೀರಿಯಡ್ ಮುಗಿಯಿತು. ಪೋರ್ಷನ್ ಹಿಂದೆ ಬಿದ್ದಿದೆ, ಹೆಡ್‌ಮಾಸ್ಟರು ಎರಡು ಸಲ ನೆನಪಿಸಿದ್ದಾರೆ.

ವಾಣಿವಿಲಾಸ ಸಾಗರದ ಚೀಟಿ ಮಾತ್ರ ಚಿಕ್ಕಿ ಖರ್ಚಿಲ್ಲದೆ ಪಾಸಾಯಿತು. 1907ರಲ್ಲಿ ಕಟ್ಟಿ ಮುಗಿಸಿದ್ದು, 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಕೋಡಿ ಬೀಳಲು 2022ರವರೆಗೆ ಕಾದದ್ದು. 89 ವರ್ಷ ಅಂತ ಅವರೇ ಕಳೆದು ನೋಡಿ ಒಪ್ಪಿದರು.

ಹೋದ ವಾರ ಸೂಳೆಕೆರೆ ಸರದಿ. ಚನ್ನಗಿರಿ ತಾಲ್ಲೂಕಿನ ಶಾಂತಿಸಾಗರ. ನಮ್ಮ ದುರ್ಗದ ನಲ್ಲಿಗೆ ಅಲ್ಲಿಂದಲೂ ನೀರು ಬರುತ್ತದೆ. ಚೀಟಿಯಲ್ಲಿ ‘ಏಷ್ಯಾದಲ್ಲೇ ಎರಡನೇ ದೊಡ್ಡ ಕೆರೆ’ ಅಂತ ಬರೆದಿದ್ದೆ. ಎಲ್ಲರೂ ಹಾಗೇ ಹೇಳುತ್ತಾರಲ್ಲ. ಎರಡನೇ ಬೆಂಚಿನ ಹುಡುಗ ಕೈ ಎತ್ತಿದ.

"ಮೊದಲನೇದು ಯಾವುದು ಮಿಸ್?"

ಚಿಕ್ಕಿ ಕೊಟ್ಟೆ. ಆ ಸಾಲನ್ನು ಹೊಡೆದುಹಾಕಿದೆ.

ಭಾನುವಾರ ಏರಿ ಮೇಲೆ ನಿಂತು, ಕೆರೆ ಕಟ್ಟಿಸಿದಳು ಅಂತ ಜನ ಹೇಳುವ ಶಾಂತವ್ವನ ಕತೆ ಹೇಳಿ ಮುಗಿಸಿದೆ. ಹುಡುಗ ಇನ್ನೂ ಕ್ಯಾಮೆರಾ ಆಫ್ ಮಾಡಿರಲಿಲ್ಲ. ಅಲ್ಲೇ ಎಮ್ಮೆ ಬಿಟ್ಟುಕೊಂಡು ನಿಂತಿದ್ದ ಅಜ್ಜ ಸೀದಾ ಬಂದು ನನ್ನ ಪಕ್ಕ ನಿಂತರು.

"ಏನಮ್ಮಾ, ಇಷ್ಟೊತ್ತು ಮಾತಾಡಿ ಮುಖ್ಯದ್ದೇ ಬಿಟ್ಟೆಯಲ್ಲ? ಏಷ್ಯಾದಾಗೆ ಎರಡನೇದು ಕಣಮ್ಮ ಇದು!"

ಹುಡುಗ ಲೆನ್ಸಿನ ಹಿಂದಿನಿಂದ ನನ್ನ ಮುಖ ನೋಡಿದ. "ಇಡ್ಲಾ ಮಿಸ್?"

"ಇಡು. ಅದು ಅಜ್ಜನ ಮಾತು, ನನ್ನದಲ್ಲ" ಅಂದೆ.

ಗುರುವಾರ ರಾತ್ರಿ ಅದು ಬಂತು. ಶುಕ್ರವಾರ ನಾನು ಕ್ಲಾಸಿಗೆ ಕಾಲಿಡುವ ಮೊದಲೇ ಎರಡನೇ ಬೆಂಚಿನ ಕೈ ಮೇಲಿತ್ತು.