ಸಾಲಿನಲ್ಲಿ ನಿಂತಿದ್ದ ಹುಡುಗ

ಐಸ್ ಹಾಕಿ ಕೋಚ್ ಆಗಿ ನನ್ನ ಮೂರನೆಯ ವರ್ಷ. ಮಣಿಕಟ್ಟಿಗೆ ಪೆಟ್ಟಾಗಿ ಎರಡು ವಾರ ರಿಂಕಿಗೆ, ಅಂದರೆ ಐಸ್ ಅಂಕಣಕ್ಕೆ, ಇಳಿಯುವಂತಿರಲಿಲ್ಲ. ಅಭ್ಯಾಸದ ಯೋಜನೆ ಬರೆದುಕೊಟ್ಟೆ, ನಡೆಸಿದ್ದು ನನ್ನ ಸಹಾಯಕ. ಮೇಲೆ ಗ್ಯಾಲರಿಯಲ್ಲಿ ಸುಮ್ಮನೆ ಕೂರಲಾರದೆ ಸ್ಟಾಪ್‌ವಾಚ್ ಹಿಡಿದು ಒಬ್ಬನೇ ಹುಡುಗನ ಮೇಲೆ ಕಣ್ಣಿಟ್ಟೆ. ಅವನು ಸ್ಕೇಟ್ ಮಾಡಿದಾಗ ಗಡಿಯಾರ ಓಡಿತು, ನಿಂತಾಗ ನಿಲ್ಲಿಸಿದೆ. 60 ನಿಮಿಷದ ಅಭ್ಯಾಸ ಮುಗಿದಾಗ ಅದು ತೋರಿಸಿದ್ದು 11 ನಿಮಿಷ. ಉಳಿದ ಹೊತ್ತೆಲ್ಲ ಅವನು ಸಾಲಿನಲ್ಲಿ ನಿಂತು, ಸ್ಟಿಕ್‌ನ ಅಂಚಿನಿಂದ ಐಸ್ ಕೆರೆದು, ಬಿಳಿ ಪುಡಿಯ ಪುಟ್ಟ ಗುಡ್ಡೆ ಮಾಡಿ, ಅದನ್ನು ಸವರಿಹಾಕಿ, ಮತ್ತೆ ಗುಡ್ಡೆ ಮಾಡುತ್ತಿದ್ದ. ಯೋಜನೆ ನನ್ನದು, ತಪ್ಪೂ ನನ್ನದೇ.

ಅಂದಿನಿಂದ ಪ್ರತಿ ಡ್ರಿಲ್ ಬರೆಯುವಾಗಲೂ ಪಕ್ಕದಲ್ಲಿ ಒಂದು ಸಂಖ್ಯೆ ಬರೆಯುತ್ತೇನೆ: ಈ ಹೊತ್ತಿನಲ್ಲಿ ಎಷ್ಟು ಮಕ್ಕಳು ನಿಂತಿರುತ್ತಾರೆ? ಇಡೀ ರಿಂಕ್ ಬಳಸಿ ಇಬ್ಬಿಬ್ಬರನ್ನು ಕಳಿಸಿದರೆ 18 ಮಕ್ಕಳಲ್ಲಿ 16 ಮಂದಿ ಪ್ರೇಕ್ಷಕರು. ಎರಡು ನೀಲಿ ಗೆರೆಗಳು ರಿಂಕನ್ನು ಹೇಗೂ ಮೂರು ಭಾಗ ಮಾಡಿವೆ. ಒಂದೊಂದು ಭಾಗಕ್ಕೆ ಆರು ಮಕ್ಕಳು. ಎಂಟು ನಿಮಿಷಕ್ಕೊಮ್ಮೆ ಸೀಟಿ, ಜಾಗ ಬದಲು. ಒಂದು ಕಡೆ ಪಾಸಿಂಗ್, ನಡುವೆ ಸ್ಕೇಟಿಂಗ್, ಇನ್ನೊಂದು ತುದಿಯಲ್ಲಿ ಗೋಲುಗಳನ್ನು ಹತ್ತಿರಕ್ಕೆ ಎಳೆದು ಮೂವರಿಗೆ ಮೂವರ ಆಟ. ಪಕ್‌ಗಳ, ಅಂದರೆ ಚೆಂಡಿನ ಬದಲು ಹೊಡೆಯುವ ಬಿಲ್ಲೆಗಳ, ಬಕೆಟ್ ಮೂರೂ ಕಡೆ ಮೊದಲೇ ಇರಬೇಕು. ಇಲ್ಲದಿದ್ದರೆ ಪಕ್ ಹೆಕ್ಕುವುದರಲ್ಲೇ ಎರಡು ನಿಮಿಷ ಹೋಗುತ್ತದೆ.

ಇಕ್ಕಟ್ಟಿನ ಜಾಗದಲ್ಲಿ ಆಡಿದರೆ ನಿಜವಾದ ಆಟ ಬರುವುದಿಲ್ಲ ಎಂದು ಕೆಲವು ತಂದೆತಾಯಂದಿರು ಆಕ್ಷೇಪಿಸುತ್ತಾರೆ. ನಾನು ಒಪ್ಪುವುದಿಲ್ಲ. ಪಂದ್ಯದಲ್ಲಿ ಪಕ್‌ಗಾಗಿ ನಡೆಯುವ ಸೆಣಸಾಟ ಹೆಚ್ಚಾಗಿ ರಿಂಕಿನ ಸುತ್ತಲಿನ ತಡೆಗೋಡೆಯಾದ ಬೋರ್ಡಿನ ಬದಿಯಲ್ಲಿ, ಗೋಲಿನ ಮುಂದೆ, ಮೂರು ನಾಲ್ಕು ಹೆಜ್ಜೆ ಜಾಗದಲ್ಲೇ. ಅಲ್ಲಿ ತಲೆ ಎತ್ತಿ ನೋಡದವನು ಪಕ್ ಕಳೆದುಕೊಳ್ಳುತ್ತಾನೆ. ನಮ್ಮ ಗೋಲಿನ ಕಡೆಯ ವಲಯದಿಂದ ಪಕ್ ಹೊರತರುವುದನ್ನು ಕಲಿಸಲು ಇಡೀ ರಿಂಕ್ ಬೇಕು. ಅದಕ್ಕೆ ಹತ್ತು ನಿಮಿಷ ಎತ್ತಿಡುತ್ತೇನೆ.

ವೇಗದ ಓಟ ಮೈ ಬಿಸಿಯಾದ ಕೂಡಲೇ ಆಗಬೇಕು. 15 ಸೆಕೆಂಡ್ ಪೂರ್ತಿ ಬಿರುಸಿನಿಂದ ಓಡಿದರೆ 45 ಸೆಕೆಂಡ್ ಬಿಡುವು. ದಣಿದ ಕಾಲಿಗೆ ಮೊಣಕಾಲು ಬಾಗಿಸುವುದೂ ಬೇಡವಾಗುತ್ತದೆ, ಆಗ ಕಲಿತದ್ದು ತಪ್ಪೇ. ಸೋತಾಗ ಮಕ್ಕಳನ್ನು ಗೆರೆಯಿಂದ ಗೆರೆಗೆ ಓಡಿಸುವ ಕೋಚ್‌ಗಳು ಹರ್ಬ್ ಬ್ರೂಕ್ಸ್ ಹೆಸರು ಹೇಳುತ್ತಾರೆ. 1979ರಲ್ಲಿ ನಾರ್ವೆ ವಿರುದ್ಧ 3-3 ಸಮವಾದ ಮೇಲೆ ಆತ ಅಮೆರಿಕದ ತಂಡವನ್ನು ಹಾಗೆ ಓಡಿಸಿದ್ದು ನಿಜ, ಮರುವರ್ಷ ಆ ತಂಡ ಒಲಿಂಪಿಕ್ ಚಿನ್ನ ಗೆದ್ದದ್ದೂ ನಿಜ. ಆದರೆ ಅವರು ಆಯ್ದು ತಂದ ಪ್ರಾಯದ ಆಟಗಾರರು. ಹತ್ತು ವರ್ಷದ ಮಗುವಿಗೆ ಸ್ಕೇಟಿಂಗ್ ಶಿಕ್ಷೆಯಾದರೆ ಅದು ಸ್ಕೇಟಿಂಗನ್ನೇ ದ್ವೇಷಿಸುತ್ತದೆ.

ಡ್ರಿಲ್ ವಿವರಿಸುವ ಕೆಲಸ ಬಟ್ಟೆ ಬದಲಿಸುವ ಕೋಣೆಯಲ್ಲೇ ಮುಗಿಯಬೇಕು. ಐಸ್ ಮೇಲೆ ಮಾತು ಅನಿವಾರ್ಯವಾದರೆ ನಾನು ಬೋರ್ಡಿಗೆ ಬೆನ್ನು ಕೊಟ್ಟು ನಿಲ್ಲುತ್ತೇನೆ, ಮಕ್ಕಳು ನನ್ನತ್ತ ಮುಖಮಾಡಿ ಒಂದು ಮೊಣಕಾಲೂರಿ ಕೂರುತ್ತಾರೆ. ನನ್ನ ಹಿಂದೆ ಏನೂ ಅಲ್ಲಾಡದಿದ್ದರೆ ಮೂವತ್ತು ಸೆಕೆಂಡ್ ಸಾಕು.

ನಾನು ಬಹುಕಾಲ ಮರೆತಿದ್ದದ್ದು ಗೋಲ್‌ಕೀಪರನ್ನು. "ಸರ್, ನಾನು ಎದ್ದು ನಿಲ್ಲುವಷ್ಟರಲ್ಲಿ ಮುಂದಿನದು ಬಂದುಬಿಡುತ್ತದೆ" ಎಂದು ನಮ್ಮ ಗೋಲ್‌ಕೀಪರ್ ಹುಡುಗಿ ಒಂದು ದಿನ ಮೆಲ್ಲಗೆ ಹೇಳಿದಳು. ಮುಖವಾಡ ಎತ್ತಿದ್ದಳು, ಕಣ್ಣು ತುಂಬಿತ್ತು. ಪಕ್ ಎಂದರೆ ಸುಮಾರು 170 ಗ್ರಾಂ ಗಟ್ಟಿ ರಬ್ಬರ್. ನಾವು ಅವಳನ್ನು ಗುರಿಹಲಗೆಯಂತೆ ಬಳಸುತ್ತಿದ್ದೆವು. ಈಗ ಅವಳಿಗೆ ಕಾಗದದಲ್ಲಿ ಬೇರೆಯೇ ಅಂಕಣವಿದೆ. ಮೊದಲ ಶಾಟ್‌ಗಳು ದೂರದಿಂದ, ಕಾಲಿನ ಪ್ಯಾಡ್‌ಗೆ, ಆಮೇಲೆ ಗ್ಲೌಸ್‌ಗೆ. ಅವಳು ಎದ್ದು ಸಜ್ಜಾಗಿ ಸ್ಟಿಕ್ ತಟ್ಟುವವರೆಗೆ ಮುಂದಿನವರು ಹೊರಡುವಂತಿಲ್ಲ.

ಮೊನ್ನೆ ಒಬ್ಬ ತಂದೆಯ ಕೈಗೆ ಸ್ಟಾಪ್‌ವಾಚ್ ಕೊಟ್ಟಿದ್ದೆ. 26 ನಿಮಿಷ. ನಡುವಿನ ವಲಯದಲ್ಲಿ ಇನ್ನೂ ಮೂವರು ಕಾಯುತ್ತಿದ್ದಾರೆ. ಮುಂದಿನ ವಾರ ಅಲ್ಲಿ ಇನ್ನೊಂದು ಸಾಲು ಕೋನ್ ಇಟ್ಟು ಇಬ್ಬರನ್ನು ಒಟ್ಟಿಗೆ ಬಿಡುತ್ತೇನೆ.