ಹಂಡೆಯ ಕೆಳಗಿನ ಹೊಗೆ

ನಮ್ಮೂರಿನ ಬಹುತೇಕ ಅಡುಗೆಮನೆಗಳಲ್ಲಿ ಗ್ಯಾಸ್ ಒಲೆ ಇದ್ದರೂ, ಬಚ್ಚಲಿನ ಹಂಡೆಗೆ, ಮುದ್ದೆಯ ಎಸರಿಗೆ ಇಂದಿಗೂ ಸೌದೆಯೇ ಉರಿಯುತ್ತಿರುವುದನ್ನು ಈ ಸಲ ಗಮನಿಸಿದೆ. 2016ರಲ್ಲಿ ಆರಂಭವಾದ ಉಜ್ವಲಾ ಯೋಜನೆ ಸಿಲಿಂಡರನ್ನು ಬಡವರ ಮನೆಬಾಗಿಲಿಗೆ ತಂದಿತು, ನಿಜ. ಆದರೆ ಅದನ್ನು ಮತ್ತೆ ತುಂಬಿಸಲು ಹಣ ಬೇಕು, ಹೊಲದ ಬದುವಿನಲ್ಲಿ ಆಯ್ದ ಪುಳ್ಳೆಗೆ ಬೆಲೆಯಿಲ್ಲ. ಹಸಿ ಸೌದೆ ಪೂರ್ತಿ ಉರಿಯದೆ ಹೊಮ್ಮಿಸುವ ಸೂಕ್ಷ್ಮ ಕಣಗಳು ಶ್ವಾಸಕೋಶದ ಆಳಕ್ಕಿಳಿದು, ಬೀಡಿಯನ್ನೇ ಮುಟ್ಟದ ಹೆಂಗಸರಿಗೂ ವಾಸಿಯಾಗದ ಉಸಿರಾಟದ ಕಾಯಿಲೆ ತರುತ್ತವೆ. ಇದು ನನ್ನನ್ನು ಬಹಳ ಕಾಡುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ ಅಸ್ತ್ರ ಒಲೆ ಕಡಿಮೆ ಸೌದೆಯಲ್ಲಿ ಅಡುಗೆ ಮುಗಿಸಿ, ಹೊಗೆಯನ್ನು ಕೊಳವೆಯ ಮೂಲಕ ಸೂರಿನಾಚೆ ಸಾಗಿಸುತ್ತಿತ್ತು. ಅಂಥದ್ದನ್ನು ಹಂಡೆಯ ಕೆಳಗಾದರೂ ಮತ್ತೆ ಕಟ್ಟಿಕೊಟ್ಟು, ಮಸಿ ಕಟ್ಟಿದ ಕೊಳವೆಯನ್ನು ಶುಚಿಗೊಳಿಸುವ ಕೆಲಸವನ್ನು ಪಂಚಾಯಿತಿಯೇ ಏಕೆ ವಹಿಸಿಕೊಳ್ಳಬಾರದು?