ಕೊಯಿಂಬ್ರದ ಅಡುಗೆಮನೆಯಲ್ಲಿ ಪೋರ್ಚುಗೀಸ್

ಮೈಸೂರಿನಲ್ಲಿ ಮೂರು ವರ್ಷ ಸ್ಪ್ಯಾನಿಷ್ ಕಲಿತ ಧೈರ್ಯದ ಮೇಲೆ, ಪೋರ್ಚುಗೀಸನ್ನು ಅದನ್ನಾಡುವ ಜನರ ನಡುವೆಯೇ ಇದ್ದು ಕಲಿಯಬೇಕೆಂದು ಒಂದು ತಿಂಗಳ ಮಟ್ಟಿಗೆ ಪೋರ್ಚುಗಲ್ಲಿನ ಕೊಯಿಂಬ್ರಕ್ಕೆ ಹೋಗಿದ್ದೆ. ಲಿಸ್ಬನ್ನಿನಿಂದ ಉತ್ತರಕ್ಕೆ ಹೊರಟ ರೈಲಿನಲ್ಲಿ ಕೈಗೆ ಸಿಕ್ಕ ಪತ್ರಿಕೆಯನ್ನು ನಿಘಂಟಿನ ನೆರವಿಲ್ಲದೆ ಮುಕ್ಕಾಲು ಪಾಲು ಓದಿದೆ. ಆದರೆ ಎದುರಿಗೆ ಕುಳಿತಿದ್ದ ದಂಪತಿಯ ಮಾತಿನಲ್ಲಿ ಒಂದು ಪದವೂ ಬಿಡಿಯಾಗಿ ಕೇಳಿಸಲಿಲ್ಲ. ಸ್ಪ್ಯಾನಿಷಿನಲ್ಲಿ ಪ್ರತಿ ಸ್ವರವೂ ಕನ್ನಡದಂತೆ ತುಂಬಿ ಬರುತ್ತದೆ. ಪೋರ್ಚುಗಲ್ಲಿನವರು ಒತ್ತು ಬೀಳದ ಸ್ವರಗಳನ್ನು ನುಂಗಿ, ಪದದ ಕೊನೆಯ ಸಕಾರವನ್ನು ಶಕಾರ ಮಾಡುತ್ತಾರೆ.

ಕೊಯಿಂಬ್ರ ಮೊಂಡೇಗು ನದಿಯ ದಂಡೆಯ ಗುಡ್ಡದೂರು. 1290ರಲ್ಲಿ ಲಿಸ್ಬನ್ನಿನಲ್ಲಿ ಸ್ಥಾಪನೆಯಾಗಿ, 1537ರಲ್ಲಿ ಇಲ್ಲಿಗೆ ಬಂದು ಕಾಯಂ ಆಗಿ ನೆಲೆನಿಂತ ವಿಶ್ವವಿದ್ಯಾನಿಲಯ ಗುಡ್ಡದ ನೆತ್ತಿಯಲ್ಲಿದೆ. ದಾರಿಯ ಮೆಟ್ಟಿಲುಸಾಲಿಗೆ 'ಬೆನ್ನು ಮುರಿಯುವುದು' ಎಂಬರ್ಥದ ಹೆಸರು. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿದವರಿಗೆ ಅದು ಕಷ್ಟವಲ್ಲ.

ನಾನು ಉಳಿದುಕೊಂಡದ್ದು ವಯಸ್ಸಾದ ಒಬ್ಬ ಹೆಂಗಸಿನ ಮನೆಯಲ್ಲಿ. ಅವರಿಗೆ ಇಂಗ್ಲಿಷ್ ಬಾರದಿದ್ದುದು ನನ್ನ ಭಾಗ್ಯವೆಂದೇ ಹೇಳಬೇಕು. ಮೊದಲ ರಾತ್ರಿ ಅವರು ಆಲೂಗೆಡ್ಡೆ ಬೇಯಿಸಿ, ಎಳೆಯೆಳೆಯಾಗಿ ಹೆಚ್ಚಿದ ಸೊಪ್ಪು ಹಾಕಿ ಮಾಡಿದ 'ಕಾಲ್ದು ವೆರ್ದ್' ಬಡಿಸಿದಾಗ, ಬಹಳ ರುಚಿಯಾಗಿದೆಯೆನ್ನಲು ಸ್ಪ್ಯಾನಿಷಿನ 'ಎಸ್ಕಿಸೀತೊ' ಪದವನ್ನು ಬಳಸಿದೆ. ಅವರ ಮುಖ ಬಾಡಿತು. ಆ ಪದಕ್ಕೆ ಪೋರ್ಚುಗೀಸಿನಲ್ಲಿ 'ವಿಚಿತ್ರ' ಎಂದರ್ಥ. ಅಂದಿನಿಂದ, ಗೊತ್ತಿಲ್ಲದ ಪದಕ್ಕಿಂತ ಗೊತ್ತಿದೆಯೆನಿಸಿದ ಪದವನ್ನೇ ಮೊದಲು ಅವರಲ್ಲಿ ವಿಚಾರಿಸತೊಡಗಿದೆ.

ಎರಡನೆಯ ವಾರ, ಅಡುಗೆಮನೆಯಲ್ಲಿ ಅವರು ಹಿಟ್ಟಿಗೆ 'ಫರೀನ್ಯ' ಎಂದರು. ಸ್ಪ್ಯಾನಿಷಿನಲ್ಲಿ ಅದು 'ಅರೀನ'. ಬರೆಯುವಾಗ ಮೊದಲಿಗೆ ಹಕಾರವಿದ್ದರೂ ಉಚ್ಚರಿಸುವುದಿಲ್ಲ. ಮಾತನಾಡುವುದು ಇಲ್ಲಿ 'ಫಲಾರ್', ಅಲ್ಲಿ 'ಅಬ್ಲಾರ್'. ಮಗ ಇಲ್ಲಿ 'ಫಿಲ್ಯು', ಅಲ್ಲಿ 'ಈಹೊ'. ಎರಡೂ ಭಾಷೆಗಳ ಮೂಲವಾದ ಲ್ಯಾಟಿನ್ನಿನ ಫಕಾರವನ್ನು ಪೋರ್ಚುಗೀಸ್ ಉಳಿಸಿಕೊಂಡಿತು. ಸ್ಪ್ಯಾನಿಷ್ ಇಂಥ ಪದಗಳಲ್ಲಿ ಅದನ್ನು ಹಕಾರ ಮಾಡಿ, ಆಮೇಲೆ ಹಕಾರವನ್ನೂ ಬಿಟ್ಟಿತು. ಹಿಟ್ಟು ನಾದುತ್ತಿದ್ದ ಅವರ ಪಕ್ಕದಲ್ಲಿ ನಿಂತು ನನಗೆ ಮಳವಳ್ಳಿ ಕಡೆಯ ನಮ್ಮ ಅಜ್ಜಿಯ ನೆನಪಾಯಿತು. ಹಳಗನ್ನಡದ 'ಪಾಲ್' ಇಂದಿನ ಬರವಣಿಗೆಯಲ್ಲಿ 'ಹಾಲು'. ಅಜ್ಜಿ ಕರೆಯುತ್ತಿದ್ದುದು 'ಬಾ ಮಗ, ಆಲ್ ಕುಡಿ' ಎಂದೇ. ಶಾಲೆಯಲ್ಲಿ ತಪ್ಪೆಂದು ತಿದ್ದಿಸಿಕೊಂಡು, ಮೈಸೂರಿಗೆ ಬಂದ ಮೇಲೆ ನಾನು ಪೂರ್ತಿ ಬಿಟ್ಟಿದ್ದ ಆ ಉಚ್ಚಾರಣೆ, ಒಂದು ದೊಡ್ಡ ಭಾಷೆ ಶತಮಾನಗಳಲ್ಲಿ ನಡೆದ ದಾರಿಯಲ್ಲೇ ನಡೆದಿತ್ತು. ಅಜ್ಜಿಗೆ ಇದನ್ನು ಹೇಳಲು ಅವರು ಈಗಿಲ್ಲ.

ಆಮೇಲೆ ಹಕಾರದ ಸ್ಪ್ಯಾನಿಷ್ ಪದಗಳನ್ನು ಒಂದೊಂದಾಗಿ ಫಕಾರಕ್ಕೆ ತಿರುಗಿಸಿ ಆ ಹೆಂಗಸಿನ ಮುಂದಿಡುತ್ತಿದ್ದೆ. ಇರುವೆಯ 'ಓರ್ಮೀಗ' 'ಫುರ್ಮೀಗ' ಆಯಿತು, ಒಲೆಯ 'ಓರ್ನೊ' 'ಫೋರ್ನು' ಆಯಿತು. ಮನುಷ್ಯ ಎಂಬರ್ಥದ 'ಓಂಬ್ರೆ'ಯನ್ನು ಹಾಗೆ ತಿರುಗಿಸಿದಾಗ ಅಲ್ಲವೆಂದು ತಲೆಯಾಡಿಸಿದರು. ಅದರ ಹಕಾರ ಲ್ಯಾಟಿನ್ನಿನಿಂದಲೇ ಬಂದದ್ದು.

ಹೊರಡುವ ಹಿಂದಿನ ರಾತ್ರಿ ಅವರು ದೂರದೂರಿನಲ್ಲಿದ್ದ ಮಗನೊಡನೆ ಫೋನಿನಲ್ಲಿ ಮಾತನಾಡುತ್ತಿದ್ದರು. ನಾನು ನನ್ನ ಕೋಣೆಯಲ್ಲಿ ಬಟ್ಟೆ ಮಡಚಿಡುತ್ತಿದ್ದೆ. ಊಟ ಮಾಡಿದೆಯಾ, ಫಿಲ್ಯು, ಎಂದು ಅವರು ಕೇಳಿದ್ದು ಗೋಡೆಯಾಚೆಯಿಂದ ಪದಪದವಾಗಿ ಕೇಳಿಸಿತು.